ಜೋಳಕ್ಕೆ ಬೂಷ್ಟು ಹಿಡಿಸಿದವಳ ಮಾತು

ನಮ್ಮ ಸಂಶೋಧನಾ ಕೇಂದ್ರಕ್ಕೆ ಈ ವರ್ಷ ಹೊಸದಾಗಿ ಸೇರಿದ ಇಬ್ಬರು ಕನ್ನಡದ ಹುಡುಗಿಯರು ಹೋದ ಭಾನುವಾರ ಮನೆಗೆ ಬಂದಿದ್ದರು. ಅವಲಕ್ಕಿ ತಿಂದರು, ಚಹಾ ಕುಡಿದರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು: "ಆಂಟಿ, ಈ ಕೆಲಸ ನಿಜವಾಗ್ಲೂ ಹೇಗಿರುತ್ತೆ?" ಸಂದರ್ಶನದಲ್ಲಿ ಅದನ್ನು ಯಾರೂ ಹೇಳಿರುವುದಿಲ್ಲ, ಪುಸ್ತಕದಲ್ಲಂತೂ ಇರುವುದೇ ಇಲ್ಲ. ಬಾಯಲ್ಲಿ ಹೇಳಲು ಕೂತರೆ ನಾನು ನಡುನಡುವೆ ಅಡ್ಡದಾರಿ ಹಿಡಿಯುತ್ತೇನೆ ಎಂಬುದು ನಮ್ಮ ಯಜಮಾನರ ಹಳೆಯ ದೂರು. ಅದಕ್ಕೇ ಬರೆದುಬಿಡುತ್ತಿದ್ದೇನೆ. ಬಡ್ತಿ, ಇನ್‌ಕ್ರಿಮೆಂಟು ಇವುಗಳನ್ನು ಬಿಟ್ಟಿದ್ದೇನೆ. ಅವು ಬರುವಾಗ ಬಂದವು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಹುಡುಗಿಯರೇ, ಮೊದಲೇ ಒಂದು ವಿಷಯ ತಿಳಿದುಕೊಂಡುಬಿಡಿ. ಊರಿನವರೆಲ್ಲ ಬೆಳೆ ಚೆನ್ನಾಗಿ ಬರಲಪ್ಪಾ ಎಂದು ದೇವರಿಗೆ ಕೈಮುಗಿಯುವಾಗ ನೀವು ಬೆಳೆಗೆ ಚೆನ್ನಾಗಿ ರೋಗ ಬರಲಪ್ಪಾ ಎಂದು ಕೈಮುಗಿಯಬೇಕು. ರೋಗ ಬಾರದಿದ್ದರೆ ಆ ವರ್ಷದ ದುಡಿಮೆಯೆಲ್ಲ ನೀರಿನಲ್ಲಿ ಹೋಮ. ನಾನು ಮೂವತ್ತು ಚಿಲ್ಲರೆ ವರ್ಷ ಹೀಗೆ ಕೈಮುಗಿದವಳು. ದೇವರು ನನ್ನ ಬಗ್ಗೆ ಏನೆಂದುಕೊಂಡಿದ್ದಾನೋ ಗೊತ್ತಿಲ್ಲ.

ನಾನು ಗದಗದವಳು. ಯಜಮಾನರು ರೈಲ್ವೆಯಲ್ಲಿದ್ದುದರಿಂದ ಮದುವೆಯಾಗಿ ನಾಗಪುರಕ್ಕೆ ಬಂದೆ, ಕೃಷಿ ಪದವಿ ಇದ್ದುದರಿಂದ ಕೇಂದ್ರದ ಜೋಳ ವಿಭಾಗದಲ್ಲಿ ತಾಂತ್ರಿಕ ಸಹಾಯಕಿಯಾದೆ. ಸೇರಿದ ವರ್ಷವೇ ರೈಲ್ವೆ ಕಾಲೋನಿಯ ನಮ್ಮ ಕಡೆಯವರೊಬ್ಬರ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಒಬ್ಬ ಹಿರಿಯ ಹೆಂಗಸು ಪಕ್ಕದಲ್ಲಿ ಕೂತು ವಿಚಾರಿಸಿದರು.

"ನೀ ಏನ್ ನೌಕರಿ ಮಾಡ್ತಿ ತಂಗಿ?"

"ಜೋಳಕ್ಕ ಬೂಷ್ಟು ಹಿಡಸ್ತೀನ್ರಿ."

"ಯವ್ವಾ! ಅದಕ್ಕ ಪಗಾರ ಬ್ಯಾರೆ ಕೊಡ್ತಾರೇನ? ನಮ್ಮನ್ಯಾಗ ಮಳಿಗಾಲದಾಗ ಪುಕ್ಕಟ ಹಿಡೀತೈತಲ್ಲ!"

ಅವರು ಹೇಳಿದ್ದು ನಿಜ. ಬೂಷ್ಟಿಗೆ ಬೇಕಾದದ್ದು ಮಳೆ ಮತ್ತು ಕಾಳು, ಇವೆರಡೇ. ವಿದರ್ಭದಲ್ಲಿ ಮುಂಗಾರಿ ಜೋಳ ಕಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಳ್ಳುತ್ತದೆ. ನೆನೆದ ತೆನೆಯ ಮೇಲೆ ಬೂಷ್ಟು ಬಂದು ಕೂರುತ್ತದೆ. ಕಾಳು ಮೊದಲು ಗುಲಾಬಿ, ಆಮೇಲೆ ಬೂದು, ಕೊನೆಗೆ ಕಪ್ಪು. ಅಂಥ ಜೋಳವನ್ನು ನಾಗಪುರದ ಕಳಮನಾ ಮಾರುಕಟ್ಟೆಗೆ ಒಯ್ದರೆ ದಲಾಲ ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ತೆಗೆದು ಮೂಸಿ, "ಕೋಳಿಗೆ ಹಾಕು" ಎಂದು ಮುಂದಿನ ಚೀಲಕ್ಕೆ ಹೋಗಿಬಿಡುತ್ತಾನೆ.

ಮಳೆಯಲ್ಲಿ ನೆನೆದರೂ ಬೆಳ್ಳಗಿರುವ ಜೋಳ ಸಿಕ್ಕರೆ ಈ ತಾಪತ್ರಯವೇ ಇಲ್ಲ. ನಮ್ಮಲ್ಲಿ ಒಂದು ಕೆಂಪು ಜೋಳ ಇತ್ತು. ಬೂಷ್ಟು ಅದರ ಹತ್ತಿರ ಸುಳಿಯುತ್ತಿರಲಿಲ್ಲ, ರೊಟ್ಟಿ ಬಡಿದರೆ ಮನುಷ್ಯರೂ ಸುಳಿಯುತ್ತಿರಲಿಲ್ಲ. ಇನ್ನೊಂದು ಬಿಳಿ ಜೋಳ. ಅದರ ರೊಟ್ಟಿ ಅರಳೆಯಷ್ಟು ಮೆತ್ತಗೆ, ಆದರೆ ಮೋಡ ಕಂಡರೇ ಬೂಷ್ಟು ಹಿಡಿಸಿಕೊಳ್ಳುತ್ತಿತ್ತು. ಇವೆರಡಕ್ಕೂ ಮದುವೆ ಮಾಡಿಸಿ, ಮಕ್ಕಳು ಮೊಮ್ಮಕ್ಕಳು ಎಂದು ಏಳು ತಲೆಮಾರು ಬೆಳೆಸಿದೆವು. ಪ್ರತಿ ತಲೆಮಾರಿನಲ್ಲೂ ತೆನೆಗೆ ಕಾಗದದ ಚೀಲ ಕಟ್ಟಿ, ಹೊರಗಿನ ಪರಾಗ ಬಾರದಂತೆ ಕಾದೆವು. ಕೊನೆಗೆ ಇನ್ನೂರು ಚಿಲ್ಲರೆ ತಳಿಗಳಾದವು. ಪ್ರತಿಯೊಂದರಲ್ಲೂ ಒಂದಿಷ್ಟು ಅಂಶ ಕೆಂಪಜ್ಜನದು, ಒಂದಿಷ್ಟು ಬಿಳಿಯಜ್ಜಿಯದು.

ಈಗ ಬೂಷ್ಟು ತಡೆಯುವ ಗುಣ ಅಜ್ಜನ ಯಾವ ತುಣುಕಿನಲ್ಲಿದೆ ಎಂದು ಹುಡುಕಬೇಕು. ಬೀಗರ ಪೈಕಿ ಯಾರ ಮದುವೆಯಲ್ಲಿ ಜಗಳವಾದರೂ ಅಲ್ಲಿ ಒಬ್ಬನೇ ಸೋದರಮಾವ ಕಾಣಿಸಿಕೊಂಡರೆ ಜಗಳದ ಮೂಲ ಅವನೇ ಎಂದು ತಿಳಿಯುತ್ತೇವಲ್ಲ, ಹಾಗೆಯೇ ಇದೂ. ಬೂಷ್ಟು ಹಿಡಿಯದ ತಳಿಗಳಲ್ಲೆಲ್ಲ ಅಜ್ಜನ ಯಾವ ತುಣುಕು ತಪ್ಪದೆ ಇದೆಯೋ ಗುಣ ಅಲ್ಲಿದೆ. ಅದಕ್ಕೆ ಎರಡು ಲೆಕ್ಕ ಬೇಕು. ಯಾವ ತಳಿಯಲ್ಲಿ ಯಾವ ತುಣುಕು ಇದೆ ಎಂಬುದು ಪ್ರಯೋಗಾಲಯದ್ದು. ಯಾವ ತಳಿಗೆ ಎಷ್ಟು ಬೂಷ್ಟು ಹಿಡಿದಿದೆ ಎಂಬುದು ಹೊಲದ್ದು. ಹೊಲದ್ದು ನನ್ನ ಪಾಲಿಗೆ ಬಂತು. ತೆನೆ ನೋಡಿ ಅಂಕ ಕೊಡುವುದು: ಶುಭ್ರವಾಗಿದ್ದರೆ ಒಂದು, ಇದ್ದಿಲಾಗಿದ್ದರೆ ಒಂಬತ್ತು. ಕಡಿಮೆ ಅಂಕ ಬಂದವನೇ ಜಾಣ.

ಅದಕ್ಕೂ ಮುಂಚೆ ರೋಗ ಬರಿಸಬೇಕಲ್ಲ. ಬೇಯಿಸಿದ ಜೋಳದ ಮೇಲೆ ಬೂಷ್ಟು ಬೆಳೆಸಿ, ಅದನ್ನು ತೊಳೆದ ನೀರನ್ನು ಕ್ಯಾನುಗಳಿಗೆ ತುಂಬಿ, ಬಹುಪಾಲು ತೆನೆಗಳು ಹೂವಾದಾಗ ಸಂಜೆ ಹೊತ್ತು ಸಿಂಪಡಿಸುತ್ತಿದ್ದೆವು. ಉಳಿದದ್ದು ನಾಗಪುರದ ಮಳೆಗೆ ಬಿಟ್ಟದ್ದು. ನಮ್ಮ ಬೇಲಿಯ ಆಚೆ ಶ್ಯಾಮರಾವ್ ಎಂಬ ರೈತನ ಹೊಲ. ಬೇಲಿಗೆ ಒರಗಿ ನಿಂತು ನಮ್ಮ ಕೆಲಸ ನೋಡುವುದು ಅವನಿಗೆ ಸಿನಿಮಾ ಇದ್ದಂತೆ. ಅವನದು ಮರಾಠಿ, ನನ್ನನ್ನು ಅಕ್ಕ ಎನ್ನುವ ಅರ್ಥದಲ್ಲಿ ತಾಈ ಎನ್ನುತ್ತಿದ್ದ. ಅವನ ಮಾತನ್ನೂ ನಮ್ಮ ಮೇಲಧಿಕಾರಿ ಸಾಹೇಬರ ಮಾತನ್ನೂ ನಾನು ನಮ್ಮ ಭಾಷೆಗೆ ಇಳಿಸಿಕೊಂಡು ಬರೆಯುತ್ತಿದ್ದೇನೆ.

"ತಾಈ, ಏನ್ ಹೊಡ್ಯಾಕತ್ತೀರಿ?"

"ರೋಗ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸರಕಾರದವರು ಒಳ್ಳೆಯ ಔಷಧವನ್ನೆಲ್ಲ ತಮ್ಮ ಹೊಲಕ್ಕೇ ಇಟ್ಟುಕೊಂಡು ರೈತನಿಗೆ ಸುಳ್ಳು ಹೇಳುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ಮರುದಿನ ಎಣಿಸಿದರೆ ಒಂದು ಕ್ಯಾನು ಕಡಿಮೆ. ಮೂರು ವಾರ ಕಳೆದ ಮೇಲೆ ಶ್ಯಾಮರಾವ್ ಕಪ್ಪಾದ ತೆನೆಗಳನ್ನು ಹಿಡಿದುಕೊಂಡು ಗೇಟಿಗೆ ಬಂದ.

"ತಾಈ, ನಿಮ್ಮ ಔಷಧದ ತಾರೀಖು ಮುಗದೈತಿ. ಒಂಚೂರೂ ಕೆಲಸ ಮಾಡಿಲ್ಲ!"

ನಾನು ನಗು ತಡೆಯಲಾರದೆ ಆಫೀಸಿನೊಳಗೆ ಓಡಿದೆ. ಆಮೇಲೆ ಪಾಪ ಅನಿಸಿತು. ನಮ್ಮ ಮೇಲಧಿಕಾರಿ ವಾನಖೇಡೆ ಸಾಹೇಬರು ಆಗಿನ್ನೂ ಚಿಕ್ಕ ವಯಸ್ಸಿನ ವಿಜ್ಞಾನಿ. ಯಾರೇನೇ ಹೇಳಿದರೂ ಕೊನೆಯಲ್ಲಿ "ಬರೋಬರ್", ಎಂದರೆ ಸರಿ, ಎನ್ನುವುದು ಅವರ ಅಭ್ಯಾಸ. ಶ್ಯಾಮರಾವನ ಹೊಲಕ್ಕೇ ಹೋಗಿ ನೋಡಿ, "ನಮ್ಮ ಹೊಲದಾಗ ಇಷ್ಟು ಚಲೋ ಹತ್ತಿಲ್ಲಲ್ಲ!" ಎಂದು ಹೊಟ್ಟೆಕಿಚ್ಚುಪಟ್ಟರು. ಗೋದಾಮಿನಿಂದ ಅವನಿಗೆ ಎರಡು ಚೀಲ ಒಳ್ಳೆಯ ಜೋಳ ಕೊಡಿಸಿದರು. ಅಂದಿನಿಂದ ನಮ್ಮ ಕ್ಯಾನುಗಳ ಮೇಲೆ ದೊಡ್ಡದಾಗಿ "ವಿಷ" ಎಂದು ಬರೆಸಿದೆವು.

ಇನ್ನು ನನ್ನ ಜಾಣತನದ ಕಥೆ. ಅಂಕ ಕೊಡುವುದಕ್ಕೆ ಮೊದಲು ನಮ್ಮಲ್ಲಿ ಒಂದು ಕ್ರಮ ಇತ್ತು. ಎಲ್ಲ ತಳಿಗಳೂ ಒಂದೇ ದಿನ ಹೂವಾಗುವುದಿಲ್ಲ. ಕೆಲವು ಆಗಸ್ಟಿನಲ್ಲಿ, ಕೆಲವು ಸೆಪ್ಟೆಂಬರಿನ ಕೊನೆಗೆ. ಒಂದೊಂದು ತಳಿ ಹೂವಾದ ತಾರೀಖನ್ನು ಬರೆದುಕೊಂಡು, ತೆನೆಯ ಕೊರಳಿಗೆ ಬಣ್ಣದ ಉಣ್ಣೆ ದಾರ ಕಟ್ಟಿ, ಅಲ್ಲಿಂದ ಲೆಕ್ಕ ಹಿಡಿದು ಇಂತಿಷ್ಟು ದಿನಕ್ಕೆ ಸರಿಯಾಗಿ ಅಂಕ ಕೊಡಬೇಕಿತ್ತು. ಎಂದರೆ ದಿನ ಬಿಟ್ಟು ದಿನ ಕೆಸರಿನಲ್ಲಿ ಇಳಿಯಬೇಕು. ಮಳೆ ನಿಂತ ಮೇಲಿನ ನಾಗಪುರದ ಸೆಖೆ, ಕಾಲಡಿ ಕಪ್ಪು ಮಣ್ಣು, ತಲೆಯ ಮೇಲೆ ಉದುರುವ ಜೋಳದ ಹೂವಿನ ತುರಿಕೆ. ಹಾವು ಬೇರೆ. ಎರಡು ವರ್ಷ ಮಾಡಿ ಸಾಕಾಯಿತು. ಸಾಹೇಬರ ಎದುರು ನಿಂತು ವಾದ ಹೂಡಿದೆ.

"ಸರ್, ದಿನಕ್ಕೊಂದು ಕಣ್ಣು ಇರತೈತಿ. ಇವತ್ತ ತಲಿ ನೋಯ್ತಿದ್ರ ಏಳು ಅಂತೀನಿ, ನಾಳೆ ಹೋಳಿಗಿ ಉಂಡು ಬಂದಿದ್ರ ಅದಕ್ಕ ಐದು ಅಂತೀನಿ. ಎಲ್ಲಾ ತಳೀನೂ ಒಂದ ದಿವಸ ನೋಡಿದ್ರ ಕಣ್ಣೂ ಒಂದ, ಅಳತೀನೂ ಒಂದ."

ಸಾಹೇಬರು ಗಡ್ಡ ಕೆರೆದುಕೊಂಡು ಯೋಚಿಸಿ, "ಬರೋಬರ್" ಎಂದರು.

ಅಲ್ಲಿಂದ ಮುಂದೆ ದಸರೆ ಕಳೆದ ಮೇಲೆ ಒಂದು ದಿನ ಬೆಳಗ್ಗೆ ಹೊಲಕ್ಕೆ ಇಳಿದರೆ ಸಂಜೆಯೊಳಗೆ ಅಷ್ಟೂ ತಳಿಗೆ ಅಂಕ ಕೊಟ್ಟು ಹೊರಗೆ ಬರುತ್ತಿದ್ದೆ. ಊಟವಿಲ್ಲ, ಕೂರುವುದಿಲ್ಲ. ಪರೀಕ್ಷೆಗೆಂದು ಅದೇ ತೆನೆಗಳನ್ನು ಕಲಸಿ ಮತ್ತೆ ಕೈಗಿತ್ತರೂ ಅಷ್ಟೇ ಅಂಕ ಹೇಳುತ್ತಿದ್ದೆ. ಬೇರೆ ಕೇಂದ್ರಗಳಿಂದ ನೋಡಲು ಬಂದರು. ನನಗೆ "ಒನ್ ಡೇ ಮ್ಯಾಡಂ" ಎಂದು ಹೆಸರು ಬಿತ್ತು. ಹೊಗಳಿಕೆ ಯಾರಿಗೆ ಬೇಡ? ನಾನಂತೂ ಉಬ್ಬಿಹೋದೆ.

ವರ್ಷಗಳು ಹೋದವು. ವಾನಖೇಡೆ ಸಾಹೇಬರು ಮುಖ್ಯಸ್ಥರಾದರು. ನನ್ನ ನಿವೃತ್ತಿಗೆ ಮೂರು ವರ್ಷ ಇದೆ ಎನ್ನುವಾಗ ಬೆಂಗಳೂರಿನಿಂದ ಸ್ಮಿತಾ ಬಂದಳು. ಮೂರು ವರ್ಷದ ಗುತ್ತಿಗೆಯ ಮೇಲೆ ಬಂದ ವಿಜ್ಞಾನಿ. ಮೊದಲೆಲ್ಲ ಜೆಲ್ ಮೇಲೆ ಒಂದೊಂದೇ ಗೆರೆ ಓದಿ ಅಜ್ಜನ ತುಣುಕು ಯಾವುದು, ಅಜ್ಜಿಯದು ಯಾವುದು ಎಂದು ಹುಡುಕಲು ವರ್ಷಗಟ್ಟಲೆ ಬೇಕಾಗುತ್ತಿತ್ತು. ಇವಳು ಎಲೆಯ ಚೂರುಗಳನ್ನು ಪುಟ್ಟ ಕೊಳವೆಗಳಲ್ಲಿ ಹಾಕಿ ಕಳಿಸಿದರೆ ಸಾವಿರಾರು ಗುರುತುಗಳು ಕಂಪ್ಯೂಟರಿಗೆ ಬಂದು ಬೀಳುತ್ತಿದ್ದವು. ಆದರೆ ಆ ಹುಡುಗಿಗೆ ಗರ್ವ ಇರಲಿಲ್ಲ.

"ಅಕ್ಕ, ನನ್ ಮಷೀನ್ ಎಲೆ ನೋಡತ್ತೆ ಅಷ್ಟೇ. ಬೂಷ್ಟು ನೋಡೋದು ನಿಮ್ ಕಣ್ಣು. ನಿಮ್ ಅಂಕ ಇಲ್ದಿದ್ರೆ ನಂದೆಲ್ಲಾ ಬರೀ ಕಸ."

ಮೂರು ವರ್ಷ ನಾನು ಅಂಕ ಕೊಟ್ಟೆ, ಅವಳು ಹೊಂದಿಸಿದಳು. ಒಂದು ದಿನ ಕೈ ಹಿಡಿದು ಎಳೆದುಕೊಂಡು ಹೋಗಿ ಕಂಪ್ಯೂಟರ್ ಮುಂದೆ ಕೂರಿಸಿದಳು. ಜೋಳದ ಹತ್ತೂ ವರ್ಣತಂತುಗಳು ಉದ್ದಕ್ಕೆ ಚಪ್ಪಟೆ ನೆಲ. ಒಂದೇ ಒಂದು ಕಡೆ, ನಾಗಪುರದಾಚೆಯ ಬಯಲಿನಲ್ಲಿ ರಾಮಟೇಕ್ ಗುಡ್ಡ ಎದ್ದ ಹಾಗೆ ಗೆರೆ ಎದ್ದು ನಿಂತಿತ್ತು. ಕೆಂಪಜ್ಜನ ಗುಣ ಇರುವ ಜಾಗ ಅದು! ಆ ತುಣುಕು ಇರುವ ತಳಿಗಳಲ್ಲಿ ಎಲ್ಲಕ್ಕಿಂತ ಶುಭ್ರವಾದದ್ದು ನಲವತ್ತೇಳನೆಯ ತಳಿ. ಮೂರು ವರ್ಷವೂ ನನ್ನಿಂದ ಒಂದು ಎಂಬ ಅಂಕವನ್ನೇ ಪಡೆದ ವೀರ.

ಆ ಗುಡ್ಡದ ಮೇಲೆ ತುಂಬಾ ಭಾರ ಇತ್ತು. ಅಕ್ಟೋಬರಿನ ಸಭೆಯಲ್ಲಿ ಹೊರಗಿನ ಪರಿಶೀಲನಾ ಸಮಿತಿ ಒಪ್ಪಿದರೆ ಸ್ಮಿತಾಳ ನೌಕರಿ ಖಾಯಂ ಆಗುತ್ತಿತ್ತು, ಇಲ್ಲವಾದರೆ ಗಂಟುಮೂಟೆ. ನಲವತ್ತೇಳರ ಬೀಜವನ್ನು ಆಗಲೇ ಸಣ್ಣ ಚೀಲಗಳಲ್ಲಿ ಕಟ್ಟಿಯಾಗಿತ್ತು. ಮುಂದಿನ ಮುಂಗಾರಿಗೆ ಊರೂರಿನ ರೈತರಿಗೆ ಹಂಚುವುದೆಂದು ನಿಕ್ಕಿಯಾಗಿತ್ತು. ನಾನು ಅದೇ ಅಕ್ಟೋಬರಿನ ಕೊನೆಗೆ ನಿವೃತ್ತಿ. ಹೋಗುವ ಮುಂಚೆ ಇಂಥದ್ದೊಂದು ಸಿಕ್ಕಿತಲ್ಲ ಎಂದು ನನಗೆ ನೆಲವೇ ಕಾಣುತ್ತಿರಲಿಲ್ಲ.

ಸೆಪ್ಟೆಂಬರಿನ ಕೊನೆಯಲ್ಲಿ ಶ್ಯಾಮರಾವ್ ಬಂದ. ಅಷ್ಟರಲ್ಲಿ ಅವನಿಗೆ ಮೊಮ್ಮಕ್ಕಳಾಗಿದ್ದರು, ಚಾಳಿ ಮಾತ್ರ ಹೋಗಿರಲಿಲ್ಲ. ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡಿದ್ದ.

"ತಾಈ, ಸಿಟ್ಟಿಗೇಳಬ್ಯಾಡ್ರಿ. ಹ್ವಾದ ವರ್ಷ ನಿಮ್ಮ ನಲವತ್ತೇಳನೇ ನಂಬರಿನ ಎರಡು ತೆನಿ ನನ್ನ ಕಿಸೆದಾಗ ಬಂದು ಬಿದ್ದಿದ್ದುವು."

"ಬಂದು ಬಿದ್ದುವಾ?"

"ಗಾಳಿ ಭಾಳ ಇತ್ರಿ ಅವತ್ತ."

"ಮತ್ತ?"

"ಎಲ್ಲಾರಕಿಂತ ಮೊದಲ ಪ್ಯಾಟಿಗೆ ಒಯ್ಯೋಣಂತ ಬಾವಿ ನೀರು ಕಟ್ಟಿ ಮಳೀಕಿಂತ ಮೊದಲ ಬಿತ್ತಿದೆ. ಈಗ ನೋಡ್ರಿ ನಿಮ್ಮ ಶೂರನ್ನ."

ಟವೆಲು ಬಿಚ್ಚಿದ. ತೆನೆ ಕಪ್ಪಗೆ ಇದ್ದಿಲಾಗಿತ್ತು. ಒಂಬತ್ತು ಅಂಕದ ಬೂಷ್ಟು.

ಕದ್ದವನಿಗೆ ತಕ್ಕ ಶಾಸ್ತಿ ಎಂದು ಮೊದಲು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮರುಕ್ಷಣ ಹೂವಾದ ತಾರೀಖು ನೆನಪಾಯಿತು. ನಲವತ್ತೇಳು ನಮ್ಮ ಹೊಲದಲ್ಲಿ ಎಲ್ಲಕ್ಕಿಂತ ತಡವಾಗಿ ಹೂವಾಗುವ ತಳಿ. ಅದು ಕಾಳು ಕಟ್ಟುವ ಹೊತ್ತಿಗೆ ಮಳೆ ಗಂಟುಕಟ್ಟಿ ಹೋಗಿರುತ್ತಿತ್ತು. ಶ್ಯಾಮರಾವ್ ಬೇಗ ಬಿತ್ತಿದ್ದರಿಂದ ಅದರ ತೆನೆ ಮೊದಲ ಸಲ ಮಳೆಯ ಕೈಗೆ ಸಿಕ್ಕಿತ್ತು. ಹಾಗಾದರೆ ಇದು ಬೂಷ್ಟನ್ನು ಯಾವತ್ತೂ ಗೆದ್ದದ್ದೇ ಅಲ್ಲ, ಅದರ ಮುಖವನ್ನೇ ನೋಡಿರಲಿಲ್ಲ. ಊಟವೆಲ್ಲ ಖಾಲಿಯಾದ ಮೇಲೆ ಮದುವೆಮನೆಗೆ ಬಂದವನನ್ನು ಎಷ್ಟು ಮಿತಾಹಾರಿ ಎಂದು ನಾನು ಮೂರು ವರ್ಷ ಹೊಗಳಿದ್ದೆ.

ಆದರೂ ಮನಸ್ಸು ನೆಪ ಹುಡುಕಿತು. ಶ್ಯಾಮರಾವ್ ಕಳ್ಳ, ಅವನ ಮಾತೇನು? ಬೇರೆ ಬೀಜ ಬೆರೆತಿರಬಹುದು. ಅವನ ಹೊಲದಿಂದ ಒಂದು ಎಲೆ ಕಿತ್ತು ತಂದು ಏನೂ ಹೇಳದೆ ಸ್ಮಿತಾಳ ಕೈಗೆ ಕೊಟ್ಟೆ. ನಾಲ್ಕು ದಿನಕ್ಕೆ ಅವಳು ನಗುತ್ತ ಬಂದಳು.

"ಅಕ್ಕ, ಇದು ನಮ್ ನಲವತ್ತೇಳೇ. ಒಂದು ಗುರುತೂ ತಪ್ಪಿಲ್ಲ. ಯಾಕೆ ಕೊಟ್ರಿ?"

"ಸುಮ್ನ. ನಿನ್ನ ಮಷೀನು ಚಲೋ ನಡದೈತೋ ಇಲ್ಲೋ ನೋಡಾಕ."

ಅವಳಿಗೆ ತಮಾಷೆ ಅನಿಸಿತು.

ಮೂರು ವರ್ಷದ ಫೀಲ್ಡ್ ಬುಕ್ಕುಗಳನ್ನು ಮನೆಗೆ ಒಯ್ದೆ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹರಡಿ, ಯಜಮಾನರಿಗೆ ಹೂವಾದ ತಾರೀಖು ಓದಲು ಹೇಳಿ ನಾನು ಅಂಕ ಓದುತ್ತ ಹೋದೆ. ತಾರೀಖು ಬರೆಯುವ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಬರೆದದ್ದನ್ನು ತಿರುಗಿ ನೋಡುವ ಅಭ್ಯಾಸ ಬಿಟ್ಟುಹೋಗಿತ್ತು. ರೈಲಿನ ಟೈಮ್ ಟೇಬಲ್ ನೋಡುತ್ತಲೇ ಆಯುಷ್ಯ ಕಳೆದವರು ನಮ್ಮ ಯಜಮಾನರು. ಒಂದು ಪುಟ ಮುಗಿಯುವುದರೊಳಗೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಅಲ್ಲಾ, ಲೇಟ್ ಬಂದ ಗಾಡಿಗೆಲ್ಲಾ ಒಂದು ಎರಡು ಕೊಟ್ಟೀದಿ, ಟೈಮಿಗೆ ಬಂದವಕ್ಕೆಲ್ಲಾ ಎಂಟು ಒಂಬತ್ತು ಕೊಟ್ಟೀದಿ. ಇದೆಂಥಾ ನ್ಯಾಯ ಮಾರಾಯ್ತಿ?"

ಜೋಳದ ಗಂಧಗಾಳಿ ಇಲ್ಲದ ಮನುಷ್ಯನಿಗೆ ಒಂದು ಪುಟದಲ್ಲಿ ಕಂಡದ್ದು ನನಗೆ ಇಷ್ಟು ವರ್ಷ ಕಂಡಿರಲಿಲ್ಲ. ತಾರೀಖೂ ಅಂಕವೂ ಒಂದೇ ಪುಸ್ತಕದಲ್ಲಿ, ಎರಡು ಕಾಲಂ ಅಂತರದಲ್ಲಿ, ನನ್ನದೇ ಕೈಬರಹದಲ್ಲಿ ಇದ್ದವು. ಎಲ್ಲ ತಳಿಯನ್ನೂ ಒಂದೇ ದಿನ ನೋಡಿದರೆ ಬೇಗ ಹೂವಾದದ್ದು ಎರಡು ತಿಂಗಳು ಮಳೆಯಲ್ಲಿ ನೆನೆದಿರುತ್ತದೆ, ತಡವಾದದ್ದು ಎರಡು ವಾರವೂ ನೆನೆದಿರುವುದಿಲ್ಲ. ಸ್ಮಿತಾ ಹುಡುಕಿದ ಗುಡ್ಡ ಬೂಷ್ಟು ತಡೆಯುವ ಗುಣದ್ದಲ್ಲ, ತಡವಾಗಿ ಹೂವಾಗುವ ಗುಣದ್ದು. ಕೆಸರಿಗೆ, ಸೆಖೆಗೆ ಹೆದರಿ ನಾನು ತಂದ ಪದ್ಧತಿ ಆ ಹುಡುಗಿಯ ಮೂರು ವರ್ಷವನ್ನು ನುಂಗಿತ್ತು. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಮೇಜಿಗೆ ತಲೆಯೂರಿ ಅತ್ತೆ.

ಸುಮ್ಮನಿದ್ದುಬಿಡೋಣ ಎಂದು ಅನಿಸಲಿಲ್ಲವೇ ಎಂದು ಕೇಳುತ್ತೀರಿ. ಅನಿಸಿತು. ಇನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಶಾಲು ಹೊದ್ದು, ತೆಂಗಿನಕಾಯಿ ಹಿಡಿದು, ಒಳ್ಳೆಯ ಹೆಸರಿನೊಂದಿಗೆ ಮನೆಗೆ ಹೋಗುತ್ತಿದ್ದೆ. ಸ್ಮಿತಾಳ ನೌಕರಿಯೂ ಆಗುತ್ತಿತ್ತು. ಆಮೇಲೆ ಬೂಷ್ಟು ಹಿಡಿದರೆ ಮಳೆಯನ್ನು ಬೈದರಾಯಿತು. ಹೊಟ್ಟೆನೋವು ಎಂದು ಎರಡು ದಿನ ರಜೆ ಹಾಕಿದೆ.

ಮೂರನೆಯ ದಿನ ಪುಸ್ತಕಗಳನ್ನೂ ಶ್ಯಾಮರಾವನ ಕಪ್ಪು ತೆನೆಯನ್ನೂ ಸ್ಮಿತಾಳ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವಳು ತಾರೀಖುಗಳನ್ನು ಕಂಪ್ಯೂಟರಿಗೆ ತುಂಬಿದಳು. ಹೂವಾದ ದಿನದ ವ್ಯತ್ಯಾಸವನ್ನು ಕಳೆದು ಲೆಕ್ಕ ಹಾಕಿದಾಗ ರಾಮಟೇಕ್ ಗುಡ್ಡ ನಮ್ಮ ಕಣ್ಣೆದುರೇ ನೆಲಸಮವಾಯಿತು. ದೂರದಲ್ಲಿ, ಬೇರೊಂದು ವರ್ಣತಂತುವಿನ ಮೇಲೆ, ಮೊದಲು ಕಾಣದಿದ್ದ ಒಂದು ಪುಟ್ಟ ದಿಬ್ಬ ಮಾತ್ರ ಎದ್ದಿತು. ಅದು ನಿಜವೋ ಸುಳ್ಳೋ ಹೇಳುವಂತಿರಲಿಲ್ಲ.

"ನನ್ ಮೂರು ವರ್ಷ, ಅಕ್ಕ," ಎಂದಳು.

"ತಪ್ಪು ನಂದವ್ವಾ. ಸಭಾದಾಗ ನಾನ ಹೇಳ್ತೀನಿ."

"ನೀವು ಹೇಳಿದ್ರೆ? ಪೇಪರ್ ಮೇಲೆ ಇರೋದು ನನ್ ಹೆಸರು ತಾನೆ?"

ಒಂದು ವಾರ ಅವಳು ನನ್ನ ಜೊತೆ ಚಹಾಕ್ಕೆ ಬರಲಿಲ್ಲ. ಬರದೇ ಇದ್ದದ್ದು ಸರಿಯೇ.

ಸಾಹೇಬರು ಬಾಗಿಲು ಹಾಕಿಕೊಂಡು ನನ್ನ ಮಾತು ಕೇಳಿದರು.

"ಮ್ಯಾಡಂ, ಇದನ್ನ ಮುಂದಿನ ವರ್ಷ ನೋಡಿದ್ರಾಗೂದಿಲ್ಲೇನು? ನಿಮ್ಮ ಬೀಳ್ಕೊಡುಗೆ ಭಾಷಣ ಬರದಿಟ್ಟೀನಿ. 'ಎಂದೂ ತಪ್ಪದ ಕಣ್ಣು' ಅಂತ ಬರದೀನಿ."

"ಅದೊಂದು ಸಾಲು ಹೊಡದುಹಾಕ್ರಿ ಸರ್."

"ಭಾಷಣ ಇರೂದ ಆ ಒಂದು ಸಾಲಿನ ಮ್ಯಾಲೆ!"

ಇಬ್ಬರಿಗೂ ನಗು ಬಂತು, ಬಂದದ್ದು ಅಲ್ಲೇ ನಿಂತಿತು. ಆಮೇಲೆ ನಾನೆಂದೆ: "ಸರ್, ಶ್ಯಾಮರಾವ್ ಎರಡು ತೆನಿ ಕದ್ದ, ಅವನದೊಂದು ಪಟ್ಟಿ ಕಪ್ಪಾತು. ನಾವು ಚೀಲ ಕಟ್ಟಿ ಊರೂರಿಗೆ ಕಳಸಾಕ ಹೊಂಟೀವಿ. ಆ ಮಂದಿ ಏನೂ ಕದ್ದಿಲ್ರಿ."

ಸಾಹೇಬರು ಭಾಷಣದ ಹಾಳೆ ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದರು. "ಬರೋಬರ್" ಎಂದರು. ಅವರ ಬಾಯಲ್ಲಿ ಆ ಮಾತು ಸಾವಿರ ಸಲ ಕೇಳಿದ್ದೇನೆ. ಅಷ್ಟು ಕಷ್ಟಪಟ್ಟು ಹೇಳಿದ್ದು ಅದೊಂದೇ ಸಲ.

ಸಭೆಯಲ್ಲಿ ಸ್ಮಿತಾ ಎರಡು ಚಿತ್ರ ತೋರಿಸಿದಳು. ಗುಡ್ಡ ಇರುವುದು ಒಂದು, ಗುಡ್ಡ ಬಿದ್ದದ್ದು ಇನ್ನೊಂದು. ನಾವೆಲ್ಲಿ ತಪ್ಪಿದೆವು ಎಂದು ಒಂದಕ್ಷರ ಮುಚ್ಚಿಡದೆ ಹೇಳಿದಳು. ಸಮಿತಿಯ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡುತ್ತ, ಈ ಅಂಕಗಳು ಯಾರದು ಎಂದು ಕೇಳಿದರು. ಸಾಹೇಬರು ಕೆಮ್ಮಿದರು. ನಾನು ಎದ್ದು ನಿಂತೆ. "ನನ್ನದು. ಒಂದೇ ದಿನ ನೋಡುವ ಪದ್ಧತಿಯೂ ನನ್ನದೇ" ಎಂದೆ. ಅವರು ಏನೋ ಬರೆದುಕೊಂಡರು. ಕೊನೆಗೆ ಸ್ಮಿತಾಳಿಗೆ ಒಂದೇ ಒಂದು ಹಂಗಾಮು ಹೆಚ್ಚು ಕೊಟ್ಟರು. ಆ ಪುಟ್ಟ ದಿಬ್ಬ ನಿಜವೆಂದು ತೋರಿಸಿದರೆ ನೌಕರಿ, ಇಲ್ಲವಾದರೆ ಇಲ್ಲ.

ನಲವತ್ತೇಳರ ಬೀಜದ ಚೀಲಗಳನ್ನು ಬಿಚ್ಚಿಸಿ ಗಿರಣಿಗೆ ಹಾಕಿಸಿದೆವು. ರೊಟ್ಟಿ ಮಾತ್ರ ಬಹಳ ಚಲೋ ಆಗಿತ್ತು. ನನ್ನ ಬೀಳ್ಕೊಡುಗೆಯಲ್ಲಿ ಸಾಹೇಬರ ಭಾಷಣ ಎರಡೇ ನಿಮಿಷಕ್ಕೆ ಮುಗಿಯಿತು. ಶಾಲು ಕೊಟ್ಟರು.

ಮುಂದಿನ ಜೂನಿನಲ್ಲಿ ಸ್ಮಿತಾ ಫೋನ್ ಮಾಡಿದಳು. ನಮಸ್ಕಾರವಿಲ್ಲ, ಕುಶಲವಿಲ್ಲ.

"ಅಕ್ಕ, ಪೆನ್ಷನ್ ತಗೊಂಡು ಮನೇಲಿ ಕೂತ್ಕೊಂಡ್ರೆ ಆಗಲ್ಲ. ಬನ್ನಿ. ನನ್ ಮೂರು ವರ್ಷ ವಾಪಸ್ ಕೊಡಿ."

ಹೋದೆ. ಆ ಇಡೀ ಮುಂಗಾರು ದಿನ ಬಿಟ್ಟು ದಿನ ಬಸ್ಸು ಹಿಡಿದು ಹೋಗಿ ಕೆಸರಿಗಿಳಿದೆ. ಒಂದೊಂದು ತೆನೆಯ ಕೊರಳಿಗೂ ಉಣ್ಣೆ ದಾರ ಕಟ್ಟಿದೆ. ಮಳೆ ಹಿಂದೆ ಸರಿದ ಮೇಲೆ ತಡವಾದ ತಳಿಗಳಿಗೆ ಸ್ಪ್ರಿಂಕ್ಲರ್ ಹಚ್ಚಿ ನಾವೇ ಮಳೆ ಸುರಿಸಿದೆವು. ಯಾವನೂ ತಪ್ಪಿಸಿಕೊಳ್ಳುವಂತಿರಲಿಲ್ಲ. ತಳಿಯ ನಂಬರುಗಳ ಮೇಲೆಲ್ಲ ಸ್ಮಿತಾ ಕಪ್ಪು ಟೇಪು ಅಂಟಿಸಿದ್ದಳು. ಯಾವುದು ಯಾವುದೆಂದು ತಿಳಿಯದೆ ಹೂವಾದ ದಿನದಿಂದ ಎಣಿಸಿ, ಅದರದರ ದಿನಕ್ಕೆ ಅಂಕ ಕೊಟ್ಟೆ. ಮುಗಿಯುವಾಗ ನವೆಂಬರು. ಸೊಂಟ ಹಿಡಿದುಕೊಂಡಿತ್ತು, ಒಂದು ಚಪ್ಪಲಿ ಕೆಸರಿನಲ್ಲೇ ಹೋಗಿತ್ತು.

ಫಲಿತಾಂಶ ಬಂದ ದಿನ ನಾನೂ ಪ್ರಯೋಗಾಲಯದಲ್ಲಿ ಇದ್ದೆ. ಪುಟ್ಟ ದಿಬ್ಬ ಗುಡ್ಡವಾಗಲಿಲ್ಲ, ಆದರೆ ಇದ್ದ ಜಾಗದಲ್ಲೇ ಗಟ್ಟಿಯಾಗಿ ನಿಂತಿತು. ಅದರ ಮೇಲೆಯೇ ಸ್ಮಿತಾಳ ನೌಕರಿಯೂ ನಿಂತಿತು. ನೀವು ಈಗ ಮ್ಯಾಡಂ ಮ್ಯಾಡಂ ಎಂದು ಓಡಾಡುವುದು ಅವಳ ಹಿಂದೆಯೇ. ಆ ತುಣುಕು ಇದ್ದ ತಳಿಗಳಲ್ಲಿ ಎಲ್ಲಕ್ಕಿಂತ ಶುಭ್ರವಾಗಿದ್ದ ತೆನೆಯನ್ನು ನಾನು ಕೈಯಲ್ಲಿ ಹಿಡಿದಿದ್ದೆ. ಗಿಡ್ಡ ಗಿಡದ ಮೋಟು ತೆನೆ. ಎಲ್ಲಕ್ಕಿಂತ ಮೊದಲು ಹೂವಾದದ್ದು. ಸ್ಮಿತಾ ಟೇಪು ಕಿತ್ತಳು: ನೂರಾ ಹನ್ನೆರಡು.

"ಹಳೇ ಬುಕ್ಕು ಕೊಡು," ಎಂದೆ.

ನೂರಾ ಹನ್ನೆರಡರ ಸಾಲು ಹುಡುಕಿದೆ. ಒನ್ ಡೇ ಮ್ಯಾಡಂ ಮೂರು ವರ್ಷವೂ ಅದಕ್ಕೆ ಐದೋ ಆರೋ ಅಂಕ ಕೊಟ್ಟಿದ್ದಳು. ಉಳಿದವೆಲ್ಲ ಹೂವಾಗುವುದಕ್ಕೆ ಮೊದಲೇ ಬಂದು, ಆಗಸ್ಟಿನಿಂದ ದಸರೆಯವರೆಗಿನ ಮಳೆಯನ್ನೆಲ್ಲ ತಲೆಯ ಮೇಲೆ ಹೊತ್ತು, ಹೆಚ್ಚುಕಡಿಮೆ ಅರ್ಧ ಬೆಳ್ಳಗೆ ಉಳಿದಿದ್ದ ತಳಿ ಅದು. ಲೆಕ್ಕಕ್ಕೆ ಎಲ್ಲ ತಳಿಯೂ ಬೇಕೆಂದು ಸ್ಮಿತಾ ಪ್ರತಿ ವರ್ಷ ಬಿತ್ತಿಸಿದ್ದರಿಂದ ಮಾತ್ರ ಹೊಲದಲ್ಲಿ ಉಳಿದಿತ್ತು. ಪಕ್ಕದ ಷರಾ ಕಾಲಮ್ಮಿನಲ್ಲಿ ಮೂರೂ ವರ್ಷ ಅದೇ ಎರಡು ಮಾತು, ನನ್ನ ದುಂಡು ಅಕ್ಷರದಲ್ಲಿ: ಕೆಲಸಕ್ಕೆ ಬಾರದು. ತೆಗೆದುಹಾಕಿ.

ಅಯ್ಯೋ ನನ್ನ ಕರ್ಮವೇ ಎಂದು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಸ್ಮಿತಾ ಬಗ್ಗಿ ಓದಿದಳು. ಡ್ರಾಯರಿನಿಂದ ರಬ್ಬರ್ ತೆಗೆದು ನನ್ನ ಮುಂದಿಟ್ಟಳು. ಮಳೆಯಲ್ಲಿ ಶಾಯಿ ಹರಡುತ್ತದೆಂದು ಹೊಲದಲ್ಲಿ ನಾವು ಬರೆಯುವುದೆಲ್ಲ ಪೆನ್ಸಿಲಿನಲ್ಲೇ.

"ಅಳಿಸ್ಬಿಡಿ ಅಕ್ಕ. ಯಾರೂ ನೋಡಿಲ್ಲ."

"ಬ್ಯಾಡ. ಪೆನ್ನು ಕೊಡು."

"ಪೆನ್ ಯಾಕೆ?"

ಅವಳ ಜೇಬಿನಿಂದ ನಾನೇ ಪೆನ್ನು ತೆಗೆದುಕೊಂಡು, ಮೂರೂ ವರ್ಷದ ಷರಾದ ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.